‘ಆಗಾಗ’ ಎಂಬ ರೋಗಕ್ಕೆ ‘ಯಾವಾಗ’ ಎಂಬ ಮದ್ದು

ಬೆಳಗಿನ ಐದೂವರೆ. ಮೂರನೇ ಮಹಡಿಯ ಮನೆಯೊಂದರ ಹಾಲ್‌ನಲ್ಲಿ, ಚಪ್ಪಲಿ ಗೂಡಿನ ಪಕ್ಕದ ಮೋಟು ಸ್ಟೂಲಿನ ಮೇಲೆ, ನಲವತ್ತೊಂಬತ್ತು ವರ್ಷದ ಹೆಂಗಸೊಬ್ಬರು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ತೊಡೆಯ ಮೇಲೆ ಹಳೆಯ ಲ್ಯಾಪ್‌ಟಾಪ್, ಅದರ ಮೇಲೊಂದು ನೋಟ್‌ಬುಕ್. ಮನೆಯವರು ಎರಡು ಸಲ ಕುರ್ಚಿ ತಂದಿಟ್ಟರು, ಇವರು ಎರಡು ಸಲವೂ ಬೇಡವೆಂದರು. ಚಹಾ ತಂದರು, ಅದಕ್ಕೆ ಮಾತ್ರ ಬೇಡ ಎನ್ನಲಿಲ್ಲ.

“ನಾನು ಬಂದೇ ಇಲ್ಲ ಅಂದ್ಕೊಳ್ಳಿ. ದಿನಾ ಏನು ಮಾಡ್ತೀರೋ ಅದನ್ನೇ ಮಾಡಿ. ಜಗಳ ಆಡೋದಿದ್ರೆ ಆಡಿ. ನನ್ನ ಮುಂದೆ ಯಾರೂ ಒಳ್ಳೆಯವರಾಗೋಕೆ ಹೋಗ್ಬೇಡಿ, ಅಷ್ಟೇ.”

ಕೆಟ್ಟು ಕೂತ ಕಂಪ್ಯೂಟರ್ ರಿಪೇರಿ ಮಾಡುವವರು ಬೀದಿಗಿಬ್ಬರು ಸಿಗುತ್ತಾರೆ. ಇವರದು ಕೆಟ್ಟೂ ಕೆಡದ ಕಂಪ್ಯೂಟರುಗಳ ಕಸುಬು. ಒಂದು ಪುಟ ತೆರೆಯುತ್ತದೆ, ಮುಂದಿನದು ತೆರೆಯುವುದಿಲ್ಲ. ಹತ್ತು ನಿಮಿಷ ಸತಾಯಿಸಿ, ತಾನಾಗಿಯೇ ಸರಿಹೋಗುತ್ತದೆ. ರಿಪೇರಿಯವನು ಬಂದು ನಿಂತರಂತೂ ಹಸುವಿನಂಥ ಸಾಧು. ಅವನು ಮೆಟ್ಟಿಲು ಇಳಿದನೋ ಇಲ್ಲವೋ, ಮತ್ತೆ ಹಳೇ ಚಾಳಿ. ಇಂಥ ಮನೆಗಳಿಗೆ ಕೊನೆಯದಾಗಿ ಕರೆಸುವುದು ಇವರನ್ನು. ಸುತ್ತಲಿನ ಬೀದಿಗಳಲ್ಲಿ ಇವರ ನಿಜವಾದ ಹೆಸರು ಬಹಳ ಜನಕ್ಕೆ ಗೊತ್ತಿಲ್ಲ. ಎಲ್ಲರಿಗೂ ಇವರು ‘ಯಾವಾಗಕ್ಕ’.

ಆ ಹೆಸರು ಬಂದದ್ದು ಅವರ ಮೊದಲ ಪ್ರಶ್ನೆಯಿಂದ. ಫೋನಿನಲ್ಲಿ ಯಾರಾದರೂ “ಅಕ್ಕ, ನೆಟ್ಟು ಆಗಾಗ ಹೋಗ್ತದೆ” ಎಂದರೆ ಇವರ ಉತ್ತರ ಒಂದೇ: “ಯಾವಾಗ?” ಆ ಕಡೆಯವರು ತಡವರಿಸಿ, “ಹೀಗೇ... ಆಗಾಗ” ಎನ್ನುತ್ತಾರೆ. “ಆಗಾಗ ಅನ್ನೋದು ಉತ್ತರ ಅಲ್ಲ, ನಿಟ್ಟುಸಿರು. ನಾಳೆ ಒಂದು ಪುಸ್ತಕ ಕೊಟ್ಟು ಹೋಗ್ತೀನಿ, ಅದರಲ್ಲಿ ಬರೀರಿ.”

ನಲವತ್ತು ಪುಟದ ಆ ಪುಸ್ತಕದಲ್ಲಿ ಇರುವುದು ಎರಡೇ ಅಂಕಣ. ಒಂದರಲ್ಲಿ ಪುಟ ತೆರೆಯದೆ ಹೋದ ಹೊತ್ತು. ಇನ್ನೊಂದರಲ್ಲಿ, ಆಗ ಮನೆಯಲ್ಲಿ ಯಾರು ಏನು ಮಾಡುತ್ತಿದ್ದರು ಎಂಬುದು. ಹನ್ನೊಂದು ವರ್ಷಗಳಲ್ಲಿ ಇಂಥ 614 ಪುಸ್ತಕಗಳನ್ನು ಹಂಚಿದ್ದಾರೆ, 571 ತುಂಬಿ ವಾಪಸ್ ಬಂದಿವೆ. ಬರದ ನಲವತ್ತಮೂರರ ಬಗ್ಗೆ ಕೇಳಿದರೆ ನಗುತ್ತಾರೆ: “ಅರ್ಧ ಮನೇಲಿ ಬರೀತಾ ಬರೀತಾ ಅವರಿಗೇ ಕಾರಣ ಗೊತ್ತಾಗಿದೆ. ಇನ್ನರ್ಧ ಮನೇಲಿ ಹಾಲಿನ ಲೆಕ್ಕ ಬರೀತಿದಾರೆ.”

ಹೊತ್ತು ಕೇಳುವ ಚಟ ಹಳೆಯದು. ಮೊದಲು ದೂರವಾಣಿ ಕಚೇರಿಯ ದೂರು ವಿಭಾಗದಲ್ಲಿ ಹದಿಮೂರು ವರ್ಷ ಕೆಲಸ ಮಾಡಿದವರು ಇವರು. ಒಬ್ಬ ಅಜ್ಜಿಯ ಫೋನಿನಲ್ಲಿ ‘ಆಗಾಗ’ ಕರಕರ ಸದ್ದು. ಲೈನ್‌ಮನ್ ಐದು ಸಲ ಹೋಗಿ ಬಂದರೂ ಏನೂ ಸಿಗಲಿಲ್ಲ. ಇವರು ಅಜ್ಜಿಯಿಂದ ಎರಡು ವಾರ ಹೊತ್ತು ಬರೆಸಿದರು. ದಿನಾ ಸಂಜೆ ನಾಲ್ಕರಿಂದ ಐದು, ಮೋಡದ ದಿನ ಮಾತ್ರ ಇಲ್ಲ. ಪಡುವಣ ಗೋಡೆಯ ಮೇಲಿನ ಡಬ್ಬಿಗೆ ಇಳಿಬಿಸಿಲು ಬಿದ್ದಾಗ, ಒಳಗಿನ ತಂತಿಯ ಬೆಸುಗೆ ಸಡಿಲಾಗುತ್ತಿತ್ತು. ಅಂದಿನಿಂದ ಲೈನ್‌ಮನ್‌ಗಳೇ ಇವರ ಮೇಜಿಗೆ ಬಂದು ಕೇಳತೊಡಗಿದರು.

ಆಮೇಲೆ ದೂರು ವಿಭಾಗವೇ ಮುಚ್ಚಿತು. “ಒಂದನ್ನು ಒತ್ತಿ, ಎರಡನ್ನು ಒತ್ತಿ ಅನ್ನೋ ಧ್ವನಿಯ ಹುಡುಗಿ ಆಫೀಸಿಗೆ ಬಂದ್ಲು. ನಾನು ಮನೆಗೆ ಬಂದೆ.”

ಮೂವತ್ತೆಂಟನೇ ವಯಸ್ಸಿನಲ್ಲಿ ಕಂಪ್ಯೂಟರ್ ಜಾಲದ ಕೋರ್ಸಿಗೆ ಸೇರಿದಾಗ ಮೊದಲ ದಿನ ತರಗತಿಯವರು ಎದ್ದು ನಿಂತರಂತೆ, ಮೇಡಂ ಬಂದರೆಂದು. ಕಸುಬು ಶುರುವಾದ ಮೇಲೂ ಕಷ್ಟ ಬೇರೆ ರೂಪದಲ್ಲಿ ಬಂತು. ಬಾಗಿಲು ತೆರೆದವರು ಇವರ ಹೆಗಲಾಚೆ ಇಣುಕಿ, “ಮೆಕ್ಯಾನಿಕ್ ಎಲ್ಲಿ, ಕೆಳಗೆ ಗಾಡಿ ನಿಲ್ಲಿಸ್ತಿದಾರಾ?” ಎನ್ನುತ್ತಿದ್ದರು. “ನಿಲ್ಲಿಸಿ ಆಯ್ತು, ಮೇಲೂ ಬಂದಾಯ್ತು” ಎಂದು ಇವರು ಒಳಗೆ ನಡೆಯುತ್ತಿದ್ದರು. ದಿನಕ್ಕೆ ಮೂರು ಮನೆ, ಸರಾಸರಿ ಇನ್ನೂರ ಹತ್ತು ಮೆಟ್ಟಿಲು. ಎಡ ಮಂಡಿ ಅದನ್ನೆಲ್ಲ ನೆನಪಿಟ್ಟುಕೊಂಡಿದೆ. ಹೆಗಲ ಚೀಲ ಹೊಲಿದುಕೊಟ್ಟವರು ದರ್ಜಿ ಕೆಲಸದ ಗಂಡ. ಹನ್ನೊಂದು ಜೇಬು, ಒಂದೊಂದಕ್ಕೂ ಮುಚ್ಚಳ. “ಆಗಾಗ ತಲೆ ನೋಯ್ತದೆ ಕಣೇ ಅಂದ್ರೆ ನನಗೂ ಪುಸ್ತಕ ಕೊಡ್ತಾಳೆ. ಇವಳ ಜತೆ ಬಾಳೋಕೆ ಕೈಗಡಿಯಾರ ಬೇಕು,” ಎನ್ನುತ್ತಾರೆ ಅವರು.

ಮೂರನೇ ಮಹಡಿಯ ಈ ಮನೆಯ ಸೊಸೆ ಟೈಪಿಸ್ಟ್. ವೈದ್ಯರು ಧ್ವನಿಯಲ್ಲಿ ಹೇಳಿದ ರೋಗಿಗಳ ವರದಿಯನ್ನು ಕೇಳಿಸಿಕೊಂಡು, ಒಂದು ವೆಬ್ ಪುಟದಲ್ಲಿ ಟೈಪ್ ಮಾಡಿ ಕಳಿಸುತ್ತಾರೆ. ಬೆಳಿಗ್ಗೆ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ, ಏಳು ವರ್ಷದಿಂದ ಒಂದೇ ಸಂಸ್ಥೆ. ಎರಡು ತಿಂಗಳಿಂದ ವರದಿಯ ನಡುವೆ ಪುಟ ಕೈಕೊಡತೊಡಗಿದೆ. ಸಂಸ್ಥೆಯಿಂದ ಪತ್ರ ಬಂದಿದೆ: ವಾರಕ್ಕೆ ಮೂರು ವರದಿ ಅರ್ಧಕ್ಕೆ ನಿಂತರೆ ಕೆಲಸವಿಲ್ಲ. ಇಂದು ಗುರುವಾರ. ಈ ವಾರ ಈಗಾಗಲೇ ಎರಡು ನಿಂತಿವೆ. ಮೂವರು ರಿಪೇರಿಯವರು ಬಂದು ನೋಡಿ, ‘ಎಲ್ಲ ಸರಿ ಇದೆ’ ಎಂದು ಹೋಗಿದ್ದಾರೆ.

“ಇನ್ನು ಒಂದೇ ಉಳಿದಿರೋದು ಅಕ್ಕ,” ಎನ್ನುತ್ತಾ ಟೈಪಿಸ್ಟ್ ಕಂಪ್ಯೂಟರಿನ ಮುಂದೆ ಕೂರುತ್ತಾರೆ.

“ಅದಕ್ಕೇ ಐದೂವರೆಗೆ ಬಂದೆ. ಆರರೊಳಗೆ ಎಷ್ಟು ಸಲ ಹೋದರೂ ಅದು ನಿಮ್ಮ ಲೆಕ್ಕಕ್ಕಿಲ್ಲ, ನನ್ನ ಲೆಕ್ಕ. ಸುಮ್ನೆ ಬೇರೆ ಯಾವುದಾದ್ರೂ ಪುಟ ತೆರೀತಾ ಇರಿ.”

ಈ ಮನೆಯ ಪುಸ್ತಕ ತುಂಬಿಸಿದವರು ಟೈಪಿಸ್ಟಿನ ಮಾವ. ಬಸ್ ನಿಲ್ದಾಣದಲ್ಲಿ ಮೂವತ್ತು ವರ್ಷ ಟೈಂಕೀಪರ್ ಆಗಿದ್ದವರು. ಇಷ್ಟು ಚೊಕ್ಕವಾದ ಪುಸ್ತಕವನ್ನು ತಾವು ಕಂಡೇ ಇಲ್ಲ ಎನ್ನುತ್ತಾರೆ ಯಾವಾಗಕ್ಕ. ಹತ್ತೊಂಬತ್ತು ನಮೂದು, ನಿಮಿಷ ಸಹಿತ. ಎರಡನೇ ಅಂಕಣದಲ್ಲಿ ‘ಸೊಸೆ: ಟೈಪಿಂಗ್. ಮಗ: ಸ್ನಾನ. ನಾನು: ಏನೂ ಇಲ್ಲ’. ಮುಂದಿನದರಲ್ಲಿ ಮಗ ಆಫೀಸಿಗೆ ಹೊರಟಿದ್ದಾನೆ, ‘ನಾನು: ಏನೂ ಇಲ್ಲ’. ಹತ್ತೊಂಬತ್ತು ಸಲವೂ ಮಾವನವರದು ಏನೂ ಇಲ್ಲ.

ಐದು ನಲವತ್ತೊಂದಕ್ಕೆ ಮಾವ ಕೋಣೆಯಿಂದ ಹೊರಗೆ ಬರುತ್ತಾರೆ, ಕೈಯಲ್ಲಿ ಮೊಬೈಲ್. ಮೂಲೆಯ ಕಪಾಟಿನ ಮೇಲಿರುವ ಪ್ರಿಂಟರಿನ ಸ್ವಿಚ್ಚಿಗೆ ಕೈ ಚಾಚಿ, ಸ್ಟೂಲಿನ ಮೇಲೆ ಕೂತವರನ್ನು ಕಂಡು, ಕೈ ಹಿಂದೆಗೆದು ವಾಪಸ್ ಹೊರಡುತ್ತಾರೆ.

“ಯಾಕೆ ಸರ್, ವಾಪಸ್ ಹೊರಟ್ರಿ?”

“ಏನಿಲ್ಲಮ್ಮ. ಪದಬಂಧ ಪ್ರಿಂಟ್ ಮಾಡೋಣ ಅಂತ ಬಂದೆ. ಈ ಡಬ್ಬ ಗರಗರ ಅಂತ ಅರಚ್ತದೆ. ಮನೆಗೆ ಬಂದವರ ಎದುರು ಯಾಕೆ ಅಂತ.”

“ಹಿಂದೆ ಮೂವರು ಬಂದಿದ್ರಲ್ಲ, ಆಗ?”

“ಛೆ, ಆಗೆಲ್ಲ ಹಾಕ್ತೀನಾ? ಬಂದವರಿಗೆ ಅಷ್ಟೂ ಮರ್ಯಾದೆ ಬೇಡ್ವಾ?”

ಯಾವಾಗಕ್ಕ ಚಹಾದ ಲೋಟ ಕೆಳಗಿಡುತ್ತಾರೆ. “ಹಾಗಾದ್ರೆ ಇದನ್ನ ದಿನಾ ಯಾವಾಗ ಹಾಕ್ತೀರಿ?”

ಮೂವತ್ತು ವರ್ಷ ಬಸ್ಸುಗಳಿಗೆ ನಿಮಿಷ ಎಣಿಸಿದ ಹಿರಿಯರು ಒಂದು ಗಳಿಗೆ ಯೋಚಿಸುತ್ತಾರೆ. “ಅದು... ಆಗಾಗ.”

ಟೈಪಿಸ್ಟ್ ಕುರ್ಚಿಯಲ್ಲೇ ತಿರುಗಿ ನೋಡುತ್ತಾರೆ. “ಮಾವ! ಪುಸ್ತಕದಲ್ಲಿ ಇದನ್ನ ಬರೀಲೇ ಇಲ್ವಲ್ಲ?”

“ಏನಂತ ಬರೀಲಮ್ಮ? ಕೆಲಸ ಮಾಡೋರು ನೀವು. ಪದಬಂಧ ಬಿಡಿಸೋದೂ ಒಂದು ಕೆಲಸಾನಾ?” ಎಂದವರು, ಮಾತು ಬಂತೆಂದು ಇನ್ನೊಂದು ಸೇರಿಸುತ್ತಾರೆ: “ಅದೂ ಒಂದೊಂದು ಸಲ ಅರ್ಧಕ್ಕೇ ನಿಲ್ತದೆ. ತಲೆ ಮೇಲೆ ಎರಡು ತಟ್ಟಿದ್ರೆ ಮಿಕ್ಕಿದ್ದು ಬರ್ತದೆ. ಸೊಸೆಗೆ ಇರೋ ತಲೆನೋವೇ ಸಾಕು ಅಂತ ಹೇಳಿರಲಿಲ್ಲ.”

“ಹಾಕಿ ಸರ್. ದಿನಾ ಹಾಕೋ ಹಾಗೇ ಹಾಕಿ. ಅರಚಲಿ.”

ಪ್ರಿಂಟರ್ ಅರಚುತ್ತದೆ. ಐದು ನಲವತ್ತಾರಕ್ಕೆ ಟೈಪಿಸ್ಟಿನ ಪರದೆಯ ಮೇಲೆ ಪುಟ ಅರ್ಧ ತೆರೆದು ನಿಲ್ಲುತ್ತದೆ. “ಹೋಯ್ತು!” ಎಂದು ಅವರು ಕೂಗಿದ ಧ್ವನಿಯಲ್ಲಿ ಎರಡು ತಿಂಗಳಲ್ಲಿ ಮೊದಲ ಬಾರಿಗೆ ಖುಷಿ ಇದೆ. ಇತ್ತ ಪದಬಂಧವೂ ಏಳನೇ ಸಾಲಿಗೆ ನಿಂತಿದೆ.

ಮುಂದಿನದು ಯಾವಾಗಕ್ಕನ ಕೈಚಳಕ. ಮನೆಯೊಳಗಿನ ಪ್ರತಿ ಯಂತ್ರಕ್ಕೂ ರೂಟರ್ ಒಂದೊಂದು ನಂಬರ್ ಹಂಚಿರುತ್ತದೆ. ಹೊರಗಿನಿಂದ ಬಂದ ಪುಟ ಆ ನಂಬರ್ ಹುಡುಕಿಕೊಂಡು ತಲುಪಬೇಕು. ಟೈಪಿಸ್ಟಿನ ಕಂಪ್ಯೂಟರಿನದು ಹನ್ನೆರಡು. ಇವರು ಆ ಕಂಪ್ಯೂಟರಿನ ಕೇಬಲ್ ಕಿತ್ತು ಕೈಯಲ್ಲಿ ಹಿಡಿದು, ತಮ್ಮ ಲ್ಯಾಪ್‌ಟಾಪಿನಿಂದ ಹನ್ನೆರಡನೇ ನಂಬರನ್ನು ಕೂಗುತ್ತಾರೆ. ‘ಇದೀಯಾ?’ ಎಂದು ಕೇಳುವ ಒಂದು ಸಾಲಿನ ಆಜ್ಞೆ ಅದು. ಕೇಬಲ್ ಕಿತ್ತ ಕಂಪ್ಯೂಟರ್ ಉತ್ತರ ಕೊಡಬಾರದು.

ಉತ್ತರ ಬರುತ್ತದೆ. ಇದೀನಿ. ಇದೀನಿ. ಇದೀನಿ.

“ನೋಡಿ, ಆಸಾಮಿ ಮನೇಲಿಲ್ಲ, ಅವನ ಹೆಸರಲ್ಲಿ ಇನ್ಯಾರೋ ಓಗೊಡ್ತಿದಾರೆ,” ಎಂದು ಯಾವಾಗಕ್ಕ ಪ್ರಿಂಟರಿನ ಸ್ವಿಚ್ ಆರಿಸುತ್ತಾರೆ. ಉತ್ತರ ನಿಲ್ಲುತ್ತದೆ. ಒಂದೇ ನಂಬರಿಗೆ ಇಬ್ಬರು ಒಡೆಯರು. ಸೊಸೆಗೆ ಬರಬೇಕಾದ ಪುಟ ಮಾವನ ಪ್ರಿಂಟರಿಗೆ, ಮಾವನ ಪದಬಂಧ ಸೊಸೆಯ ಕಂಪ್ಯೂಟರಿಗೆ ಹೋಗಿ ಬಾಗಿಲು ಬಡಿದು ಕಳೆದುಹೋಗುತ್ತಿದ್ದವು. ಕಂಕುಳಲ್ಲಿ ಕೂಸು, ಊರೆಲ್ಲ ಹುಡುಕಾಟ.

ಗಂಟೆ ಐದು ಐವತ್ತೆರಡು. ನಂಬರ್ ಬದಲಿಸಲೆಂದು ಪ್ರಿಂಟರನ್ನು ತಿರುಗಿಸಿದವರು ಹಾಗೇ ನಿಂತುಬಿಡುತ್ತಾರೆ. ಹಿಂಬದಿಯಲ್ಲಿ ಹಳದಿ ತಿರುಗಿದ ಚೀಟಿಯೊಂದು ಅಂಟಿದೆ. ನೀಲಿ ಶಾಯಿಯಲ್ಲಿ, ಒತ್ತಿ ಬರೆದ ದುಂಡನೆಯ ಅಕ್ಷರ: ‘ನಂಬರ್ 12. ಬದಲಾಯಿಸಬೇಡಿ.’

“ಇದನ್ನ ಎಲ್ಲಿ ತಗೊಂಡ್ರಿ ಸರ್?”

“ಎರಡು ತಿಂಗಳ ಹಿಂದೆ. ವಕೀಲರೊಬ್ಬರು ಆಫೀಸು ಮುಚ್ತಿದ್ರು. ವೈಫೈ ಅವರೇ ಬಂದು ಸೇರಿಸಿಕೊಟ್ರು.”

ಚೀಟಿಯನ್ನು ಉಗುರಿನಲ್ಲಿ ಕೆರೆದು ಜೇಬಿಗೆ ಹಾಕಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಯಾವಾಗಕ್ಕ ಪ್ರಿಂಟರನ್ನು ಇಬ್ಬರಿಗೂ ಕಾಣುವ ಹಾಗೆ ತಿರುಗಿಸುತ್ತಾರೆ.

“ಇದು ನನ್ನ ಅಕ್ಷರ. ಕಸುಬು ಶುರು ಮಾಡಿದ ಹೊಸತರಲ್ಲಿ ಆ ವಕೀಲರ ಆಫೀಸಲ್ಲಿ ನಾನೇ ಬರೆದು ಅಂಟಿಸಿದ್ದು. ಪ್ರಿಂಟರಿಗೆ ಒಂದು ಖಾಯಂ ನಂಬರ್ ಕೊಟ್ಟೆ. ಆ ನಂಬರ್ ಇನ್ಯಾರಿಗೂ ಕೊಡಬೇಡ ಅಂತ ರೂಟರಿಗೆ ಹೇಳಬೇಕು ಅನ್ನೋದು ಆಗ ಗೊತ್ತಿರಲಿಲ್ಲ. ಸೀಟಿಗೆ ಕರವಸ್ತ್ರ ಹಾಕಿದೆ, ಕಂಡಕ್ಟರಿಗೆ ಹೇಳಲಿಲ್ಲ. ತಪ್ಪು ನಂದು.”

ಮೊದಲು ನಕ್ಕವರು ಟೈಂಕೀಪರ್. “ಹೋಗ್ಲಿ ಬಿಡಮ್ಮ. ತಡವಾಗಿ ಬಂದ ಬಸ್ಸನ್ನೂ ಬಂತು ಅಂತಲೇ ಬರ್ಕೊಳ್ತಿದ್ವಿ.”

ಐದು ಐವತ್ತೇಳಕ್ಕೆ ಪ್ರಿಂಟರಿಗೆ ಬೇರೆ ನಂಬರ್, ರೂಟರಿನಲ್ಲಿ ಆ ನಂಬರಿಗೆ ಕಾಯ್ದಿರಿಸಿದ ಜಾಗ. ಐದು ಐವತ್ತೆಂಟಕ್ಕೆ ಪದಬಂಧ ಪೂರ್ತಿ ಹೊರಗೆ ಬರುತ್ತದೆ. ಪ್ರಿಂಟರ್ ಅರಚುತ್ತಿರುವಾಗಲೇ ಟೈಪಿಸ್ಟ್ ಒಂದಾದ ಮೇಲೊಂದು ಹದಿನಾಲ್ಕು ಪುಟ ತೆರೆಯುತ್ತಾರೆ, ಹದಿನಾಲ್ಕೂ ತೆರೆಯುತ್ತವೆ. ಆರು ಗಂಟೆಗೆ ಅವರು ಕಿವಿಗೆ ಹೆಡ್‌ಫೋನ್ ಏರಿಸಿ ಮೊದಲ ವರದಿಗೆ ಕೂತಾಗ, ಯಾವಾಗಕ್ಕ ಬಾಗಿಲ ಬಳಿ ಚಪ್ಪಲಿ ಮೆಟ್ಟುತ್ತಿದ್ದಾರೆ.

ಇದೆಲ್ಲ ಎರಡು ತಿಂಗಳ ಹಿಂದಿನ ಮಾತು. ಆ ದಿನ ಮನೆಗೆ ಹೋದವರೇ ಯಾವಾಗಕ್ಕ ಅಟ್ಟದಿಂದ ಮೊದಲೆರಡು ವರ್ಷದ ದಿನಚರಿಗಳನ್ನು ಇಳಿಸಿದರು. ಅದೇ ನೀಲಿ ಶಾಯಿಯ ಚೀಟಿ ಅಂಟಿಸಿದ ಮನೆ ಮತ್ತು ಆಫೀಸುಗಳು, ವಕೀಲರದು ಬಿಟ್ಟು, ನಲವತ್ತೊಂದು. ಯಾರೂ ಕರೆದಿರಲಿಲ್ಲ, ಯಾರಿಗೂ ತಿಳಿದೂ ಇರಲಿಲ್ಲ. ಇವರೇ ಹುಡುಕಿಕೊಂಡು ಹೋದರು. ಹದಿನಾರು ಕಡೆ ಪ್ರಿಂಟರ್ ಆಗಲೇ ಗುಜರಿ ಸೇರಿತ್ತು. ಇಪ್ಪತ್ತೆರಡು ಕಡೆ ಸರಿಪಡಿಸಿದರು. ಅವುಗಳಲ್ಲಿ ಐದು ಮನೆಯವರು, “ಹೌದಲ್ಲ, ನಮ್ಮ ನೆಟ್ಟೂ ಆಗಾಗ ಹೋಗ್ತಿತ್ತು, ರೂಢಿ ಆಗಿಬಿಟ್ಟಿತ್ತು” ಎಂದರಂತೆ. ಇನ್ನುಳಿದ ಮೂವರ ವಿಳಾಸ ಬದಲಾಗಿದೆ. ಹುಡುಕುತ್ತಿದ್ದಾರೆ.

“ಮಾನ ಹೋಯ್ತು ಅನ್ನಿಸಲಿಲ್ವಾ?” ಎಂದರೆ ತಲೆಯಾಡಿಸುತ್ತಾರೆ. “ತಪ್ಪು ಸಿಗದೇ ಇದ್ದಿದ್ರೆ ಮಾನ ಹೋಗ್ತಿತ್ತು. ಸಿಕ್ತಲ್ಲ!” ಈಗ ಅವರು ಅಂಟಿಸುವ ಚೀಟಿಯಲ್ಲಿ ‘ಬದಲಾಯಿಸಬೇಡಿ’ ಎಂಬ ಮಾತಿಲ್ಲ. ತಾರೀಕು ಇದೆ, ಮಾಡಿದ್ದು ಏನೆಂದು ಇದೆ, ‘ಅನುಮಾನ ಬಂದರೆ ಕೇಳಿ’ ಎಂದು ಫೋನ್ ನಂಬರ್ ಇದೆ.

ಆಸೆಯೇನು ಎಂದು ಕೇಳಿದರೆ ದೊಡ್ಡದೇನೂ ಹೇಳುವುದಿಲ್ಲ. ಲಿಫ್ಟ್ ಇರುವ ಮನೆಗಳಿಂದ ಇನ್ನಷ್ಟು ಕರೆ ಬರಲಿ ಎಂದು ಮಂಡಿ ಸವರಿಕೊಳ್ಳುತ್ತಾರೆ. ಆಮೇಲೆ ಚೀಲದ ಹನ್ನೊಂದನೇ ಜೇಬಿನ ಮುಚ್ಚಳ ತೆಗೆದು, ನಾಲ್ಕು ಮಡಿಕೆಯ ಹಾಳೆಯೊಂದನ್ನು ಬಿಡಿಸಿ ತೋರಿಸುತ್ತಾರೆ. ಮೂರನೇ ಮಹಡಿಯ ಮನೆಯ ಪುಸ್ತಕದ ಕೊನೆಯ ಪುಟ. ಅದನ್ನು ತುಂಬಿದ್ದು ಮರುದಿನ, ಶುಕ್ರವಾರ. ಟೈಂಕೀಪರ್ ಹರಿದು ತಂದು ಕೈಯಲ್ಲಿಟ್ಟದ್ದು.

‘ಬೆಳಿಗ್ಗೆ 6.00ರಿಂದ 12.00. ಸೊಸೆ: ಟೈಪಿಂಗ್, ಇಪ್ಪತ್ತಮೂರು ವರದಿ. ಮಗ: ಆಫೀಸು. ನಾನು: ಪದಬಂಧ, 6.14ಕ್ಕೆ ಪ್ರಿಂಟ್, 11.50ಕ್ಕೆ ಪೂರ್ತಿ. ಇಂಟರ್ನೆಟ್: ಏನೂ ಆಗಲಿಲ್ಲ.’