ಕೊರ್ಲಹಳ್ಳಿ ಹೊಳೆಯಲ್ಲಿ ಎಡಕ್ಕೆ ಹೊರಳಿದ ಬೋಟು

ಇಂಥ ಸಂಗತಿಗಳನ್ನು ಬೇರೆಯವರು ಹೇಳತೊಡಗಿದರೆ ನಾನು ನಡುವೆಯೇ ಎದ್ದು ಹೋಗುತ್ತಿದ್ದವನು. ಗದಗಿಗೆ ಹೊಂದಿಕೊಂಡ ಬೆಟಗೇರಿಯಲ್ಲಿ ನನ್ನದೊಂದು ಅಂಗಡಿಯಿದೆ. ಟ್ರ್ಯಾಕ್ಟರು, ಟಿಪ್ಪರುಗಳಲ್ಲಿ ಎಣ್ಣೆಯ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಪೈಪು, ಸಿಲಿಂಡರ್ ರಿಪೇರಿ ಮಾಡುವುದು ನನ್ನ ಉದ್ಯೋಗ. ಯಂತ್ರ ತಾನಾಗಿ ನಡೆಯಿತು, ಯಾರೋ ನಡೆಸಿದರು ಎಂದು ಯಾರಾದರೂ ಕಣ್ಣರಳಿಸಿದರೆ, "ಮೊದಲ ಎಣ್ಣಿ ಎಲ್ಲಿ ಸೋರತೈತಿ ನೋಡ್ರಿ" ಎಂದು ನಗುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಹೇಳಲು ಕುಳಿತಿದ್ದೇನೆ. ನಂಬಿ ಎಂದು ಒತ್ತಾಯ ಮಾಡುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ.

ನನ್ನ ತಂಗಿ ಗಿರಿಜಾಳನ್ನು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಗೆ ಕೊಟ್ಟಿದ್ದೇವೆ. ಊರು ತುಂಗಭದ್ರೆಯ ದಂಡೆಯ ಮೇಲೇ ಇದೆ. ಹೊಳೆ ತುಂಬಿ ಹಿನ್ನೀರು ಹರಡಿದ ತಿಂಗಳುಗಳಲ್ಲಿ ಮೀನು ಹಿಡಿಯುವವರು ಹರಿಗೋಲು ಹಾಕಿಕೊಂಡು ದೂರ ದೂರ ಹೋಗುತ್ತಾರೆ. ಗಿರಿಜಾ ತನ್ನ ಸಣ್ಣ ಬೋಟಿನಲ್ಲಿ ಅವರಿದ್ದಲ್ಲಿಗೇ ಹೋಗಿ ಮೀನು ಕೊಂಡು ತರುತ್ತಾಳೆ. ಅವಳ ಗಂಡ ಅದನ್ನು ಗಾಡಿಯಲ್ಲಿ ಗದಗ, ಲಕ್ಷ್ಮೇಶ್ವರದ ಪೇಟೆಗೆ ಸಾಗಿಸುತ್ತಾರೆ. ಹೊಳೆಯ ಮೇಲೆ ಬೋಟು ಓಡಿಸುವ ಹೆಂಗಸು ಆ ಸುತ್ತಿನಲ್ಲಿ ಅವಳೊಬ್ಬಳೇ. ಅದರ ಬಗ್ಗೆ ಅವಳಿಗಿಂತ ನನಗೇ ಹೆಮ್ಮೆ ಜಾಸ್ತಿ.

ಬೋಟಿನ ಹಿಂದೆ ತೂಗುಹಾಕಿದ ಮೋಟರನ್ನು ಹೊರಳಿಸಲು ಮುಂದಿನ ಸ್ಟಿಯರಿಂಗ್ ಚಕ್ರದಿಂದ ಒಂದು ತಂತಿ ಎಳೆದಿದ್ದರು. ಆ ತಂತಿ ಬರಬರುತ್ತಾ ಬಿಗಿಯಾಗಿ ಹಿಡಿದುಕೊಂಡುಬಿಟ್ಟಿತು. ಜೊತೆಗೆ, ಕೈ ಸ್ವಲ್ಪ ಸಡಿಲಾದರೆ ಮೋಟರು ಚಕ್ರವನ್ನು ತನ್ನತ್ತ ಎಳೆಯುತ್ತಿತ್ತು. ಒಂದು ದಿನ ಗಿರಿಜಾ ಫೋನ್ ಮಾಡಿ, "ಅಣ್ಣಾ, ಈ ಸ್ಟಿಯರಿಂಗ್ ತಿರುವಿ ತಿರುವಿ ನನ್ನ ಭುಜ ಹೋತು. ಊರ ಮಂದಿ ಟ್ರ್ಯಾಕ್ಟರಿಗೆಲ್ಲಾ ಹೈಡ್ರಾಲಿಕ್ ಕೂಡಿಸ್ತಿ, ತಂಗಿ ಬೋಟಿಗೆ ಕೂಡಿಸಾಕ ಆಗೂದಿಲ್ಲೇನು?" ಎಂದಳು.

ಆ ಮಾತು ಕೇಳಿದ್ದೇ ನನಗೆ ಹುಮ್ಮಸ್ಸು ಬಂದುಬಿಟ್ಟಿತು. ಅಲ್ಲಿಯ ತನಕ ನಾನು ನೀರಿನ ಮೇಲಿನ ಯಂತ್ರ ಮುಟ್ಟಿದವನೇ ಅಲ್ಲ. ಮೊದಲು ಅಂಗಡಿಯಲ್ಲೇ ಬಿದ್ದಿದ್ದ ಟ್ರ್ಯಾಕ್ಟರಿನ ಸಿಲಿಂಡರನ್ನು ಒಗ್ಗಿಸಬಹುದೇ ಎಂದು ನೋಡಿದೆ. ಗಿರಿಜಾ ಒಪ್ಪಲಿಲ್ಲ. ಅದು ನೀರಿನಲ್ಲಿ ತುಕ್ಕು ಹಿಡಿಯುತ್ತದೆ, ಬೋಟಿಗೆಂದೇ ಮಾಡಿದ್ದು ಬೇಕು ಎಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಬೋಟಿನ ಸಾಮಾನುಗಳಲ್ಲೂ ಎರಡು ಬಗೆ: ಸಿಲಿಂಡರು ಮೋಟರಿನ ಮುಂದೆ ಕೂರುವುದು, ಪಕ್ಕಕ್ಕೆ ಕೂರುವುದು. ಮೋಟರನ್ನು ನೀರಿನಿಂದ ಪೂರ್ತಿ ಮೇಲಕ್ಕೆತ್ತಿದಾಗ ಎಲ್ಲೆಲ್ಲಿ ಎಷ್ಟು ಜಾಗ ಉಳಿಯುತ್ತದೆ, ಪೈಪು ಎಲ್ಲಿ ಜಗ್ಗುತ್ತದೆ ಎಂದು ಅಣ್ಣ ತಂಗಿ ಇಬ್ಬರೂ ಟೇಪು ಹಿಡಿದು ಅಳೆದೆವು. ಕೊನೆಗೆ ಮುಂದೆ ಕೂರುವುದನ್ನೇ ಆರಿಸಿ ಕರಾವಳಿಯ ವ್ಯಾಪಾರಿಯೊಬ್ಬರಿಂದ ತರಿಸಿದೆವು. ಪೆಟ್ಟಿಗೆ ಬಂದ ದಿನ ನಾನು ಅಂಗಡಿಯ ಬಾಗಿಲು ಅರ್ಧ ಎಳೆದು, ಒಂದೊಂದೇ ಸಾಮಾನು ಹೊರತೆಗೆದು ನೋಡುತ್ತಾ ಊಟ ಮರೆತೆ.

ಕೂಡಿಸಿದ್ದು ಕೊರ್ಲಹಳ್ಳಿಯ ದಂಡೆಯಲ್ಲಿ, ಬೋಟನ್ನು ಬೇವಿನ ಗಿಡದ ನೆರಳಿಗೆ ಎಳೆದುಕೊಂಡು. ಚಕ್ರದ ಹಿಂದೆ ಸಣ್ಣ ಪಂಪು, ಮೋಟರಿಗೆ ಸಿಲಿಂಡರು, ನಡುವೆ ಎರಡು ಪೈಪು. ನಾಜೂಕಿನ ಕೆಲಸ ಎಂದರೆ ಪೈಪಿನೊಳಗಿನ ಗಾಳಿ ಹೊರಹಾಕುವುದು. ಪಂಪಿನ ನೆತ್ತಿಯ ಮೇಲೆ ಎಣ್ಣೆಯ ಬಾಟಲಿ ಬೋರಲು ಹಾಕಿ, ಗಿರಿಜಾ ಚಕ್ರ ತಿರುಗಿಸುತ್ತಾ ಹೋದಳು, ನಾನು ಹಿಂದೆ ಕುಳಿತು ಸಿಲಿಂಡರಿನ ತಿರುಪು ಸಡಿಲಿಸಿ ಗುಳ್ಳೆ ಬಿಡುತ್ತಾ ಹೋದೆ. ಒಂದೂ ಗುಳ್ಳೆ ಉಳಿಯದೆ ಎಣ್ಣೆ ತಿಳಿಯಾಗಿ ಬರುವ ತನಕ ಬಿಡಲಿಲ್ಲ. ಆಮೇಲೆ ಅವಳು ಒಂದೇ ಬೆರಳಿನಿಂದ ಚಕ್ರ ತಿರುಗಿಸಿದಳು. ಹಿಂದೆ ಅಷ್ಟು ದೊಡ್ಡ ಮೋಟರು ಸದ್ದಿಲ್ಲದೆ ಹೊರಳಿತು. ಗಿರಿಜಾ ಭುಜ ಸವರಿಕೊಂಡು ನಕ್ಕಳು.

ಇಲ್ಲೊಂದು ವಿಷಯ ನಿಮಗೆ ತಿಳಿದಿರಬೇಕು. ಈ ವ್ಯವಸ್ಥೆಯಲ್ಲಿ ಚಕ್ರ ಮೋಟರನ್ನು ತಿರುಗಿಸಬಹುದು, ಮೋಟರು ಮಾತ್ರ ಚಕ್ರವನ್ನು ತಿರುಗಿಸಲಾರದು. ಪಂಪಿನೊಳಗಿನ ಕವಾಟ ಎಣ್ಣೆಯನ್ನು ಹಿಂದಕ್ಕೆ ಬಿಡುವುದಿಲ್ಲ. ಕೈ ಬಿಟ್ಟರೂ ಚಕ್ರ ಇದ್ದಲ್ಲೇ ಇರುತ್ತದೆ. ನಮಗೆ ಬೇಕಾಗಿದ್ದೂ ಅದೇ.

ಮಧ್ಯಾಹ್ನ ಇಳಿಯುತ್ತಿದ್ದಂತೆ ಬೋಟು ನೀರಿಗಿಳಿಸಿದೆವು. ಮೀನಿನವರೆಲ್ಲಾ ಬೆಳಿಗ್ಗೆಯೇ ಮನೆ ಸೇರಿದ್ದರು, ಹೊಳೆ ಖಾಲಿಯಿತ್ತು. ಗಿರಿಜಾ ದೊಡ್ಡ ಸುತ್ತು ಹೊಡೆದಳು, ಸಣ್ಣ ಸುತ್ತು ಹೊಡೆದಳು, ವೇಗದಲ್ಲೇ ಹಾವಿನ ಹಾಗೆ ಅತ್ತಿತ್ತ ಹೊರಳಿಸಿದಳು. ನೀರು ಎರಡೂ ಕಡೆ ಎದ್ದು ನಮ್ಮನ್ನು ತೋಯಿಸಿತು. ಆಮೇಲೆ ಚಕ್ರ ನನ್ನ ಕೈಗೆ ಬಂತು. ನಡುಹೊಳೆಯಲ್ಲಿ ಬೋಟನ್ನು ನೆಟ್ಟಗೆ ಮೇಲಕ್ಕೆ, ನೀರು ಹರಿದು ಬರುವ ದಿಕ್ಕಿಗೆ, ತಿರುಗಿಸಿ, "ನೋಡಿಲ್ಲೆ, ಕೈ ಬಿಟ್ರೂ ಹಂಗ ಹೊಕ್ಕೈತಿ" ಎಂದು ಎರಡೂ ಕೈ ಎತ್ತಿ ತೋರಿಸಿದೆ. ಬೋಟು ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು.

ಆಗ ಚಕ್ರ ತಿರುಗಿತು.

ಕುಲುಕಲಿಲ್ಲ, ಜಗ್ಗಲಿಲ್ಲ. ದಾರಿ ಗೊತ್ತಿರುವವರು ತಿರುಗಿಸುವ ಹಾಗೆ, ನಿಧಾನವಾಗಿ ಎಡಕ್ಕೆ ತಿರುಗತೊಡಗಿತು. ನನ್ನ ಕೈಗಳು ಇನ್ನೂ ಗಾಳಿಯಲ್ಲೇ ಇದ್ದವು.

"ಅಣ್ಣಾ, ಆ ಕಡೆ ಬ್ಯಾಡ. ಅಲ್ಲೆ ಜಾಲಿ ಗಿಡಾ ಮುಳಗ್ಯಾವು" ಎಂದಳು ಗಿರಿಜಾ.

"ನಾ ಮುಟ್ಟಿಲ್ಲವ್ವಾ" ಎಂದೆ.

ಅವಳು ನನ್ನ ಕೈ ನೋಡಿದಳು, ಚಕ್ರ ನೋಡಿದಳು, ಎದ್ದು ಬಂದು ಎರಡೂ ಕೈಯಿಂದ ಬಲಕ್ಕೆ ಎಳೆದಳು. ನಾನೂ ಕೈ ಹಚ್ಚಿದೆ. ಸ್ವಲ್ಪ ಹೊತ್ತಿನ ಮುಂಚೆ ಒಂದು ಬೆರಳಿಗೆ ತಿರುಗಿದ್ದ ಚಕ್ರ ಈಗ ಇಬ್ಬರ ಬಲಕ್ಕೂ ಜಗ್ಗಲಿಲ್ಲ. "ಬರವಲ್ದಣ್ಣಾ" ಎನ್ನುತ್ತಾ ಅವಳು ವೇಗ ಇಳಿಸಿದಳು. ಬೋಟು ಮೆಲ್ಲಗಾಯಿತು, ಹೊರಳುವುದನ್ನು ಮಾತ್ರ ಬಿಡಲಿಲ್ಲ. ಮುಳುಗಿದ ಗಿಡಗಳ ಒಣ ತುದಿಗಳು ಎದುರಿಗೇ ಬಂದವು. ಮೋಟರಿನ ರೆಕ್ಕೆ ಟೊಂಗೆಗೆ ಸಿಕ್ಕೀತೆಂದು ಗಿರಿಜಾ ಮೋಟರು ಬಂದ್ ಮಾಡಿದಳು. ಅದೇ ಹೊತ್ತಿಗೆ ಚಕ್ರ ನನ್ನ ಕೈಯಲ್ಲಿ ಸಡಿಲಾಯಿತು.

ಸದ್ದು ನಿಂತ ಮೇಲೆ ಒಂದು ಕೆಮ್ಮು ಕೇಳಿಸಿತು.

ಹುಲಗಪ್ಪ ಎಂಬ ವಯಸ್ಸಾದ ಮೀನುಗಾರ. ಗಿರಿಜಾಳಿಗೆ ದಿನಾ ಮೀನು ಕೊಡುವವನು. ಮಧ್ಯಾಹ್ನ ಬಲೆ ನೋಡಲು ಮತ್ತೆ ಒಬ್ಬನೇ ಬಂದಿದ್ದ. ಹರಿಗೋಲು ಮಗುಚಿ ಗಿಡಗಳ ಆಚೆ ಬೋರಲು ಬಿದ್ದಿತ್ತು. ಕಾಲು ಅವನದೇ ಬಲೆಯಲ್ಲಿ ಸಿಕ್ಕಿಕೊಂಡು, ಒಂದು ಟೊಂಗೆಗೆ ಮೊಳಕೈ ಸಿಕ್ಕಿಸಿ, ಗದ್ದದ ತನಕ ನೀರಿನಲ್ಲಿ ನೇತಾಡುತ್ತಿದ್ದ. ತುಟಿ ನೀಲಿಗಟ್ಟಿತ್ತು.

ಮುಂದೆ ಯೋಚನೆ ಮಾಡಲು ಹೊತ್ತೇ ಇರಲಿಲ್ಲ. ಗಿರಿಜಾ ಬೋಟಿನ ಅಂಚಿಗೆ ಮಲಗಿ ಅವನ ಎರಡೂ ಕಂಕುಳಿಗೆ ಕೈ ಹಾಕಿ ಹಿಡಿದಳು. ನಾನು ಪೈಪು ಕತ್ತರಿಸಲು ತಂದಿದ್ದ ಚಾಕು ಹಿಡಿದು ನೀರಿಗಿಳಿದೆ. ಮುಳ್ಳು ತರಚಿದ್ದು ಆಮೇಲೆ ತಿಳಿಯಿತು. ಬಲೆ ಕೊಯ್ದು ಅವನನ್ನು ಮೇಲೆತ್ತುವಾಗ ನನ್ನ ಎದೆ ಡೋಲಿನ ಹಾಗೆ ಬಡಿದುಕೊಳ್ಳುತ್ತಿತ್ತು. ಆ ಬಡಿತದಲ್ಲಿ ಹೆದರಿಕೆ ಎಷ್ಟು, ಸಂತೋಷ ಎಷ್ಟು ಎಂದು ಈಗಲೂ ಬೇರೆ ಮಾಡಿ ಹೇಳಲಾರೆ. ಗಿರಿಜಾ ಅವನಿಗೆ ತನ್ನ ಶಾಲು ಸುತ್ತಿದಳು. ಮೋಟರು ಹಚ್ಚಿ, ಮುಳ್ಳಿನ ಟೊಂಗೆಗಳ ನಡುವಿನಿಂದ ಬೋಟನ್ನು ಹಿಂದೆ ಹಿಂದೆಯೇ ತೆಗೆದುಕೊಂಡು ಬಂದಳು. ಈಗ ಚಕ್ರ ಅವಳ ಒಂದು ಕೈಗೆ ಬೆಣ್ಣೆಯ ಹಾಗೆ ತಿರುಗುತ್ತಿತ್ತು.

ದಂಡೆಯಲ್ಲಿ ಬೆಂಕಿ ಹಾಕಿ ಕೂರಿಸಿದ ಮೇಲೆ ಹುಲಗಪ್ಪನಿಗೆ ದನಿ ಬಂತು. ನಾವು ಸುತ್ತು ಹೊಡೆಯುವುದು ಅವನಿಗೆ ಕಾಣುತ್ತಿತ್ತಂತೆ, ಕೂಗಲು ಮಾತ್ರ ದನಿ ಏಳಲಿಲ್ಲವಂತೆ. "ನಿಮ್ಮ ಬೋಟ ನೆಟ್ಟಗ ಮ್ಯಾಲ ಹೊಂಟಿತು. ಆತು, ಮುಗೀತು ಅಂತ ಕಣ್ಣ ಮುಚ್ಚಿದ್ನಿ" ಎಂದ.

ಮರುದಿನ ನಾನು ಎಲ್ಲವನ್ನೂ ಬಿಚ್ಚಿದೆ. ಎಣ್ಣೆ ತಿಳಿಯಾಗಿತ್ತು, ಗಾಳಿ ಇರಲಿಲ್ಲ, ಎಲ್ಲೂ ಒಂದು ಹನಿ ಸೋರಿರಲಿಲ್ಲ. ಮತ್ತೆ ಜೋಡಿಸಿ, ನಾನು ಮತ್ತು ಗಿರಿಜಾಳ ಗಂಡ ಸೇರಿ ಹಿಂದಿನಿಂದ ಮೋಟರನ್ನು ಶಕ್ತಿಯಿದ್ದಷ್ಟು ನೂಕಿದೆವು. ಚಕ್ರ ಕೂದಲೆಳೆಯಷ್ಟೂ ಕದಲಲಿಲ್ಲ. ಸಾಮಾನು ಕಳಿಸಿದ ವ್ಯಾಪಾರಿಗೆ ಫೋನ್ ಮಾಡಿದೆ. ಅವರು ತಾಳ್ಮೆಯಿಂದ ಎಲ್ಲಾ ಕೇಳಿ, ಹಾಗೆ ಆಗುವುದು ಸಾಧ್ಯವಿಲ್ಲ, ನಿಮಗೇ ತಿಳಿಯದೆ ನೀವೇ ತಿರುಗಿಸಿರಬೇಕು ಎಂದರು. ನನ್ನ ಕೈ ಮೇಲಿದ್ದದ್ದನ್ನು ಗಿರಿಜಾ ಕಣ್ಣಾರೆ ಕಂಡಿದ್ದಾಳೆ ಎಂದೆ. ಆ ಸ್ಟಿಯರಿಂಗು ಇವತ್ತಿಗೂ ಅದೇ ಬೋಟಿನಲ್ಲಿದೆ, ಮತ್ತೆ ಒಮ್ಮೆಯೂ ಹಾಗೆ ಮಾಡಿಲ್ಲ. ಕೊರ್ಲಹಳ್ಳಿಯವರು ಹೊಳಿಯವ್ವ ಉಳಿಸಿದಳು ಎನ್ನುತ್ತಾರೆ. ಗಿರಿಜಾ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದಿಲ್ಲ, ಬುಟ್ಟಿ ಎತ್ತಿಕೊಂಡು ಕೆಲಸಕ್ಕೆ ಹೋಗುತ್ತಾಳೆ.

ಮೊನ್ನೆ ಮೊನ್ನೆ ಹುಲಗಪ್ಪ ಯಾವುದೋ ಕೆಲಸಕ್ಕೆ ಗದಗಿಗೆ ಬಂದವನು ನನ್ನ ಅಂಗಡಿ ಹುಡುಕಿಕೊಂಡು ಬಂದ. ಆ ಸ್ಟಿಯರಿಂಗು ಹೇಗೆ ಕೆಲಸ ಮಾಡುತ್ತದೆ, ತೋರಿಸಿ ಎಂದ. ಹಳೆಯ ಪಂಪೊಂದನ್ನು ಬಿಚ್ಚಿ ಮೇಜಿನ ಮೇಲಿಟ್ಟೆ. ಎಣ್ಣೆ ಎಲ್ಲಿಂದ ಹೋಗುತ್ತದೆ, ಕವಾಟ ಅದನ್ನು ಹೇಗೆ ತಡೆಯುತ್ತದೆ, ಮನುಷ್ಯ ಕೈಯಿಂದ ತಿರುಗಿಸದೆ ಚಕ್ರ ಯಾಕೆ ತಿರುಗಲಾರದು ಎಂದು ಒಂದೊಂದಾಗಿ ವಿವರಿಸಿದೆ. ಅವನು ಬಗ್ಗಿ, ಕಣ್ಣು ಕಿರಿದು ಮಾಡಿ, ಎಲ್ಲವನ್ನೂ ಸಮಾಧಾನದಿಂದ ನೋಡಿದ. ತಿಳಿಯಿತು ಎನ್ನುವ ಹಾಗೆ ತಲೆಯಾಡಿಸಿದ. ಆಮೇಲೆ ನನ್ನ ಮುಖ ನೋಡಿ ಕೇಳಿದ:

"ಹಂಗಾರ ಅವತ್ತ ನೀವು ನನ್ನ ಕಡೆ ಹೆಂಗ ಬಂದ್ರಿ, ಅಣ್ಣಾರ?"

ಪಂಪಿನ ತುಂಡುಗಳು ನಮ್ಮಿಬ್ಬರ ನಡುವೆ ಹರಡಿದ್ದವು. "ಕುಂಡ್ರಿ, ಚಾ ತರಸ್ತೀನಿ" ಎಂದೆ.