ಮಂತ್ರಿಗಳ ಕಡೆಯವರು

ಅವರು ಪರೀಕ್ಷೆ ಬರೆದು ಬಂದವರಲ್ಲ. ಮಂತ್ರಿಗಳು ಅವರೊಬ್ಬರನ್ನು ತಾವೇ ನೇಮಿಸಿ, ಮಂಡ್ಯದ ನಮ್ಮ ಕಚೇರಿಯಲ್ಲಿ ಕೂರಿಸಿದ್ದರು. ಕೂರುತ್ತಿದ್ದುದಾದರೂ ಕುರ್ಚಿಯ ತುದಿಯಲ್ಲೇ. ಫೋನು ಸದ್ದಾದರೆ ಎದ್ದು ಕಿಟಕಿಯವರೆಗೆ ಹೋಗಿ, ಮತ್ತೆ ಬಂದು ಕೂರುವರು. ಕೆಲಸ ಕಾಯಂ ಆಯಿತೇ ಎಂದು ಯಾರು ಕೇಳಿದರೂ, "ಆದಂಗೇಯ ಬುಡಿ" ಅನ್ನುವರು.

ಮಳವಳ್ಳಿ ಕಡೆಯ ಒಂದು ಹುಡುಗಿಯನ್ನು ಅವರು ಬಹಳ ಮೆಚ್ಚಿದ್ದರು. ಮದುವೆ ಮಾತು ಮುಗಿಸುವ ಮೊದಲು ಗಂಡಿನ ಕೆಲಸ ಕಣ್ಣಾರೆ ನೋಡಬೇಕೆಂದು ಹುಡುಗಿಯ ಅಪ್ಪ ಕಚೇರಿಗೇ ಬಂದರು. ಮಂತ್ರಿಗಳ ಕಡೆಯವರನ್ನು ಇನ್ನು ಕಾಯಂ ಮಾಡುವಂತಿಲ್ಲ ಎಂಬ ಆದೇಶ ಆಗಲೇ ಬಂದಿತ್ತು. ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ಕೆಲ್ಸ ಕಾಯಂ ತಾನೇನಪ್ಪಾ?" ಎಂದರು ಹುಡುಗಿಯ ಕಡೆಯ ಆ ಯಜಮಾನರು.

ನಾವೆಲ್ಲ ಫೈಲುಗಳ ಮೇಲೆ ತಲೆ ಬಗ್ಗಿಸಿದೆವು. ಇವರು ಎದ್ದರು, ಕೂತರು, ಮತ್ತೆ ಎದ್ದರು.

"ಇಲ್ಲ ಯಜಮಾನ್ರೇ. ಮಂತ್ರಿಗಳು ಇಳುದ್ ದಿನ ನಾನೂ ಎದ್ದೋಗ್ಬೇಕು."

ಯಜಮಾನರು ಟೀ ಪೂರ್ತಿ ಕುಡಿದು ಲೋಟ ಇಟ್ಟರು. "ನಿಜ ಏಳ್ದೆ, ಒಳ್ಳೇದಾಯ್ತು ಕಣಪ್ಪ" ಎಂದವರು ನನ್ನ ಕಡೆ ತಿರುಗಿದರು.

"ನೀವು ಪರೀಕ್ಸೆ ಬರ್ದು ಬಂದೋರಾ? ಮದ್ವೆ ಆಗೈತಾ?"

ಮಂತ್ರಿಗಳ ಕಡೆಯವರು ಪಕ್ಕದಲ್ಲಿ ನಿಂತೇ ಇದ್ದರು. ನನಗಿನ್ನೂ ಮದುವೆ ಆಗಿರಲಿಲ್ಲ.

"ಆಗೈತೆ" ಅಂದೆ.