ಏಳು ವೋಟಿನ ಊರು

1986ರಲ್ಲಿ ನಾನು ರೆಡ್‌ವುಡ್ ಸಿಟಿಯ ಒಂದು ಸಣ್ಣ ಡೇಟಾ ಪ್ರೊಸೆಸಿಂಗ್ ಕಂಪನಿಯಲ್ಲಿ ವೆರಿಫಿಕೇಷನ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದ ಕೂಡಲೇ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ಆ ವಿಭಾಗದಲ್ಲಿ ಇದ್ದವಳು ನಾನೊಬ್ಬಳೇ. ಕಂಪ್ಯೂಟರು ಕೊಟ್ಟ ಪ್ರಿಂಟೌಟನ್ನು ಮೂಲ ಕಾಗದದ ಜೊತೆ ಇಟ್ಟು, ಕೆಂಪು ಪೆನ್ಸಿಲ್ ಹಿಡಿದು ಸಾಲು ಸಾಲಾಗಿ ನೋಡಿ, ಕೊನೆಗೆ ‘ಎಲ್ಲವೂ ಮೂಲದಂತಿದೆ’ ಎಂಬ ಸರ್ಟಿಫಿಕೇಟಿಗೆ ಸಹಿ ಹಾಕುವುದು ನನ್ನ ಕೆಲಸ. ನನ್ನ ಸಹಿಯಿಲ್ಲದೆ, ಲೆಕ್ಕ ತುಂಬಿದ ಒಂದು ಕಂಪ್ಯೂಟರ್ ಟೇಪೂ ಗ್ರಾಹಕರಿಗೆ ಹೋಗುವಂತಿರಲಿಲ್ಲ. ಆಫೀಸಿನಲ್ಲಿ ನನ್ನನ್ನು ‘ಸೂ’ ಎನ್ನುತ್ತಿದ್ದರು. ಸುಶೀಲಾ ಎಂದು ತಿದ್ದುವ ಗೋಜಿಗೆ ನಾನು ಹೋಗಿರಲಿಲ್ಲ. ಗ್ರೀನ್ ಕಾರ್ಡಿನ ಅರ್ಜಿ ಇದೇ ಕಂಪನಿಯ ಮೂಲಕ ಹೋಗಿತ್ತು, ಯಜಮಾನರು ಮತ್ತೆ ಓದಲು ಕುಳಿತಿದ್ದರು, ಮನೆ ನನ್ನ ಸಂಬಳದಲ್ಲಿ ನಡೆಯುತ್ತಿತ್ತು. ಅಂಥ ಕಾಲದಲ್ಲಿ ಯಾರು ಹೆಸರಿನ ಬಗ್ಗೆ ತಕರಾರು ತೆಗೆಯುತ್ತಾರೆ?

ನಮ್ಮ ಕಂಪನಿಗೆ ಹೆಚ್ಚಾಗಿ ಬರುತ್ತಿದ್ದದ್ದು ಗ್ರೋಸರಿ ಅಂಗಡಿಗಳ ಮಾರಾಟದ ಲೆಕ್ಕ. ಆ ವರ್ಷ ಮಾತ್ರ ಕೆನಡಾದಿಂದ ಒಂದು ಸಂಶೋಧನಾ ತಂಡದ ಕೆಲಸ ಬಂತು. ಅಲ್ಲಿನ ಉತ್ತರ ತುದಿಯ ಒಂದು ಪಾರ್ಲಿಮೆಂಟ್ ಕ್ಷೇತ್ರದ ಇಡೀ ಚುನಾವಣಾ ಚರಿತ್ರೆಯನ್ನು, ಮತಗಟ್ಟೆಯಿಂದ ಮತಗಟ್ಟೆಗೆ, ಹಳೆಯ ಅಚ್ಚಿನ ಪುಸ್ತಕಗಳಿಂದ ಟೇಪಿಗೆ ಇಳಿಸಬೇಕಿತ್ತು. ಕ್ಷೇತ್ರದ ಹೆಸರು, ಪಕ್ಷಗಳ ಹೆಸರು ಹೇಳುವುದಿಲ್ಲ ಎಂದು ಆಗ ಬರೆದುಕೊಟ್ಟಿದ್ದೆ, ಈಗಲೂ ಹೇಳುವುದಿಲ್ಲ. ನಕ್ಷೆ ಬಿಡಿಸಿದರೆ ನಮ್ಮ ಕರ್ನಾಟಕದಂಥವು ಹಲವು ಅದರೊಳಗೆ ಹಿಡಿಸುವಂತಿತ್ತು. ಜನ ಮಾತ್ರ ಅಲ್ಲೊಬ್ಬರು ಇಲ್ಲೊಬ್ಬರು. ಗಣಿಯ ಕ್ಯಾಂಪು, ಮೀನು ಹಿಡಿಯುವವರ ಹತ್ತು ಮನೆ, ಚಿಕ್ಕ ವಿಮಾನ ಮಾತ್ರ ಇಳಿಯಬಲ್ಲ ಹಿಮದ ದಂಡೆ, ಇವೇ ಮತಗಟ್ಟೆಗಳು. ಹವೆ ಕೆಟ್ಟರೆ ಪೆಟ್ಟಿಗೆ ಬರುವುದು ದಿನಗಟ್ಟಲೆ ತಡವಾಗುತ್ತಿತ್ತು ಎಂದು ಪುಸ್ತಕಗಳ ಅಡಿಟಿಪ್ಪಣಿಗಳಲ್ಲಿ ಬರೆದಿತ್ತು.

ಡೇಟಾ ಎಂಟ್ರಿ ಮುಗಿಯಿತು. ಒಂದು ಸೋಮವಾರ ಬೆಳಿಗ್ಗೆ ಪ್ರಿಂಟೌಟಿನ ಕಟ್ಟು ನನ್ನ ಮೇಜಿಗೆ ಬಂತು. ಶುಕ್ರವಾರ ಟೇಪು ಹೋಗಬೇಕು. ಬುಧವಾರ ಮಧ್ಯಾಹ್ನದ ಹೊತ್ತಿಗೆ ಒಂದು ಹಳೆಯ ಚುನಾವಣೆಯ ಪುಟದಲ್ಲಿ ನನ್ನ ಪೆನ್ಸಿಲ್ ನಿಂತಿತು. ಪುಸ್ತಕದ ಪ್ರಕಾರ ಹನ್ನೊಂದು ವೋಟಿನಿಂದ ಗೆದ್ದಿದ್ದ ಮನುಷ್ಯ ನಮ್ಮ ಪ್ರಿಂಟೌಟಿನಲ್ಲಿ ಎರಡು ವೋಟಿನಿಂದ ಸೋತಿದ್ದ. ಪಾಪ, ಪಾರ್ಲಿಮೆಂಟಿನಲ್ಲಿ ಅವಧಿ ಪೂರ್ತಿ ಕುಳಿತು ಬಂದವನನ್ನು ನಾವು ರೆಡ್‌ವುಡ್ ಸಿಟಿಯಲ್ಲಿ ಕುಳಿತು ಸೋಲಿಸಿದ್ದೆವು!

ಮತಗಟ್ಟೆಗಳನ್ನು ಒಂದೊಂದಾಗಿ ಎಣಿಸಿದೆ. ಪುಸ್ತಕದಲ್ಲಿದ್ದ ಆರು ಮತಗಟ್ಟೆಗಳು ಪ್ರಿಂಟೌಟಿನಲ್ಲಿ ಇರಲೇ ಇಲ್ಲ. ಏಳು, ಒಂಬತ್ತು, ಎಂಟು, ಆರು, ನಾಲ್ಕು, ಏಳು. ಎಲ್ಲ ಸೇರಿ ನಲವತ್ತೊಂದು ವೋಟು. ಬೇರೆ ಚುನಾವಣೆಗಳನ್ನೂ ಕೆದಕಿದಾಗ ಒಟ್ಟು ನಲವತ್ತಮೂರು ಕಡೆ ಹೀಗೇ ಆಗಿತ್ತು. ಕಾಣೆಯಾದ ಮತಗಟ್ಟೆಗಳಲ್ಲಿ ಒಂದರಲ್ಲೂ ಹತ್ತು ವೋಟು ಬಿದ್ದಿರಲಿಲ್ಲ. ಒಂದು ಊರಂತೂ ಎಲ್ಲ ಚುನಾವಣೆಗಳಿಂದಲೂ ಮಾಯವಾಗಿತ್ತು. ನಮ್ಮ ಟೇಪನ್ನು ನಂಬಿದರೆ ಆ ಊರು ಭೂಮಿಯ ಮೇಲೆ ಇರಲೇ ಇಲ್ಲ.

ಕಾರಣ ಗೊತ್ತಾಗಲು ಹೊತ್ತು ಹಿಡಿಯಲಿಲ್ಲ. ಟೈಪಿಂಗ್ ತಪ್ಪುಗಳನ್ನು ತೆಗೆಯುವ ಪ್ರೋಗ್ರಾಂ ಬರೆದವರು ನಮ್ಮ ಸೀನಿಯರ್ ಪ್ರೋಗ್ರಾಮರ್ ನಾಗರಾಜ್, ಹಾಸನದ ಕಡೆಯವರು. ಗ್ರೋಸರಿ ಲೆಕ್ಕಕ್ಕೆಂದು ಬರೆದದ್ದನ್ನೇ ಇಲ್ಲಿಗೂ ಹಚ್ಚಿದ್ದರು. ಒಂದು ಅಂಗಡಿಯಲ್ಲಿ ವಾರಕ್ಕೆ ಹತ್ತು ಡಬ್ಬಿಗಿಂತ ಕಡಿಮೆ ಸೂಪು ಮಾರಾಟವಾಗಿದ್ದರೆ ಅದು ಎಂಟ್ರಿಯ ತಪ್ಪು ಎಂದು ಆ ಸಾಲನ್ನೇ ಕಿತ್ತುಹಾಕುವುದು ಅದರ ನಿಯಮ. ಸೂಪಿಗೆ ಸರಿಯೇ. ಮನುಷ್ಯರಿಗೆ?

ಮ್ಯಾನೇಜರ್ ಡೆನಿಸ್ ಬಳಿ ಹೋದೆ. ಕೆಟ್ಟವನಲ್ಲ, ಆದರೆ ಗಡುವು ಹತ್ತಿರ ಬಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಮತ್ತೆ ಎಲ್ಲವನ್ನೂ ಓಡಿಸಲು ನಾವು ಬಾಡಿಗೆಗೆ ಪಡೆಯುವ ದೊಡ್ಡ ಕಂಪ್ಯೂಟರ್ ಯಂತ್ರದ ಸಮಯ ಮುಂದಿನ ವಾರವೇ ಸಿಗುವುದು ಎಂದ. ಗೆದ್ದವನ ಹೆಸರು ಹೇಗೂ ಗೊತ್ತಿದೆ, ಆ ಒಂದು ಸಾಲನ್ನು ಕೈಯಿಂದ ತಿದ್ದಿ ಕಳಿಸೋಣ, ಉಳಿದ ಕಡೆ ಫಲಿತಾಂಶವೇನೂ ಬದಲಾಗುವುದಿಲ್ಲವಲ್ಲ ಎಂದು ಸಮಾಧಾನ ಹೇಳಿದ. ವೋಟು ಕಿತ್ತುಹಾಕಿ ಗೆಲುವನ್ನು ಮಾತ್ರ ಅಂಟಿಸುವುದು! ಹಾಗಾದರೆ ನಾನು ಸಹಿ ಹಾಕುವುದಿಲ್ಲ ಎಂದೆ. ನನ್ನ ಗ್ರೀನ್ ಕಾರ್ಡಿನ ಮುಂದಿನ ಪತ್ರ ಸಹಿಗಾಗಿ ತನ್ನ ಮೇಜಿನ ಮೇಲೇ ಇದೆ ಎಂದು ಅವನು ಮೆಲ್ಲಗೆ ನೆನಪಿಸಿದ. ಬೆದರಿಕೆಯಂತೆ ಹೇಳಲಿಲ್ಲ, ಹವಾಮಾನ ಹೇಳುವಂತೆ ಹೇಳಿದ. ಅದೇ ನನಗೆ ಹೆಚ್ಚು ಉರಿ ಹತ್ತಿಸಿತು.

ಗುರುವಾರ ಊಟದ ಹೊತ್ತಿಗೆ ನಾಗರಾಜ್ ನನ್ನ ಮೇಜಿನ ಬಳಿ ಕುರ್ಚಿ ಎಳೆದುಕೊಂಡರು. ಹಿತವಾಗಿಯೇ ಮಾತಾಡಿದರು.

“ನೋಡಿ ಸುಶೀಲಾ ಅವ್ರೇ, ಪ್ರೋಗ್ರಾಮಲ್ಲಿ ಮಿಸ್ಟೇಕ್ ಆಗಿದೆ, ಒಪ್ಕೋತೀನಿ. ಆದ್ರೆ ಯಾರೋ ಏಳು ಜನದ ವೋಟಿಗೆ ನಿಮ್ ಗ್ರೀನ್ ಕಾರ್ಡು ಕಳ್ಕೋತೀರಾ? ಅವ್ರು ಯಾರೂಂತ್ಲೂ ನಿಮಗೆ ಗೊತ್ತಿಲ್ಲ.”

ಗೊತ್ತಿತ್ತು. ಅದನ್ನೇ ಅವರಿಗೆ ಹೇಳಿದೆ. ಅಮೆರಿಕಕ್ಕೆ ಬರುವ ಮೊದಲು ನಾನು ಮೈಸೂರಿನಲ್ಲಿ ಸರ್ಕಾರಿ ಕಚೇರಿಯ ಗುಮಾಸ್ತೆ. ಒಂದು ಚುನಾವಣೆಯಲ್ಲಿ ನನ್ನನ್ನು ಚಾಮರಾಜನಗರದ ಕಾಡಂಚಿನ ಮತಗಟ್ಟೆಗೆ ಹಾಕಿದರು. ಜೀಪು ಒಂದು ಹಳ್ಳದ ಬಳಿ ನಿಂತುಬಿಟ್ಟಿತು. ಮುಂದೆ ಪೆಟ್ಟಿಗೆ ಹೊತ್ತು ನಡೆದೆವು. ಇಡೀ ದಿನಕ್ಕೆ ಬಂದವರು ಒಂಬತ್ತು ಜನ. ಕೊನೆಯವಳು ಒಬ್ಬ ಮುದುಕಿ. ಬೆರಳಿಗೆ ಶಾಯಿ ಹಚ್ಚಿಸಿಕೊಂಡು, ಚೀಟಿಯನ್ನು ಪೆಟ್ಟಿಗೆಗೆ ಹಾಕಿ, ಹೋಗದೆ ಅಲ್ಲೇ ನಿಂತಳು.

“ಅಷ್ಟು ದೂರ ತಕಂಡೋದ್ಮೇಲೆ ನಂದೂ ಎಣಿಸ್ತಾರ ತಾಯಿ?”

ಎಣಿಸುತ್ತಾರೆ ಅಜ್ಜಿ ಎಂದು ಮಾತು ಕೊಟ್ಟಿದ್ದೆ. ಆ ಮಾತು ಚಾಮರಾಜನಗರದ ಗಡಿಯಲ್ಲಿ ಮುಗಿಯುತ್ತದೆ ಎಂದೇನೂ ನಾನು ಅವಳಿಗೆ ಹೇಳಿರಲಿಲ್ಲ. ನಾಗರಾಜ್ ಕುರ್ಚಿಯನ್ನು ಅದರ ಜಾಗಕ್ಕೆ ಸರಿಸಿ ಎದ್ದು ಹೋದರು.

ಶುಕ್ರವಾರ ಬೆಳಿಗ್ಗೆ ಡೆನಿಸ್ ಸರ್ಟಿಫಿಕೇಟನ್ನು ನನ್ನ ಮುಂದಿಟ್ಟು ಪೆನ್ನು ಕೊಟ್ಟ. ‘ಎಲ್ಲವೂ ಮೂಲದಂತಿದೆ’ ಎಂಬ ಅಚ್ಚಿನ ಸಾಲನ್ನು ಹೊಡೆದುಹಾಕಿ, ಅದರ ಕೆಳಗೆ ಕೈಬರಹದಲ್ಲಿ, ‘ಈ ಟೇಪಿನಲ್ಲಿ ನಲವತ್ತಮೂರು ಮತಗಟ್ಟೆಗಳನ್ನು ಬಿಡಲಾಗಿದೆ, ಪಟ್ಟಿ ಲಗತ್ತಿಸಿದೆ’ ಎಂದು ಇಂಗ್ಲಿಷಿನಲ್ಲಿ ಬರೆದೆ. ಆಮೇಲೆ ಪೂರ್ತಿ ಹೆಸರಿನಲ್ಲಿ ಸಹಿ ಮಾಡಿದೆ.

“ಸಹಿ ಬೇಕು ಅಂದಿರಲ್ಲ, ಇದೇ ನನ್ನ ಸಹಿ. ಕಳಿಸಿ,” ಎಂದೆ.

ಅದನ್ನು ಕಳಿಸಿದರೆ ತಪ್ಪು ಗ್ರಾಹಕರಿಗೆ ತಿಳಿಯುತ್ತಿತ್ತು, ಹರಿದುಹಾಕಿದರೆ ಟೇಪಿಗೆ ಸಹಿಯೇ ಇರುತ್ತಿರಲಿಲ್ಲ. ಡೆನಿಸನ ಮುಖ ಕೆಂಪಾಯಿತು. ಈ ಟೇಪಿನ ಕೆಲಸದಿಂದ ನನ್ನನ್ನು ಈಗಿಂದೀಗಲೇ ತೆಗೆದಿರುವುದಾಗಿಯೂ, ನಾಗರಾಜ್ ಸಹಿ ಮಾಡುತ್ತಾರೆಂದೂ ಹೇಳಿ ಅವರನ್ನು ಕರೆಸಿದ. ನಾಗರಾಜ್ ಬಂದು ನಾನು ಬರೆದದ್ದನ್ನು ಎರಡು ಸಲ ಓದಿದರು. ತಪ್ಪು ತನ್ನ ನಿಯಮದ್ದು, ಅದನ್ನು ನಿನ್ನೆಯೇ ತೆಗೆದಿದ್ದೇನೆ, ಯಂತ್ರ ಸಿಕ್ಕ ದಿನ ಓಡಿಸುತ್ತೇನೆ, ಅಲ್ಲಿಯವರೆಗೆ ಯಾರೂ ಯಾವುದಕ್ಕೂ ಸಹಿ ಮಾಡಬೇಕಾಗಿಲ್ಲ ಎಂದು ಡೆನಿಸನಿಗೆ ಇಂಗ್ಲಿಷಿನಲ್ಲಿ ಹೇಳಿದರು. ಹೊರಗೆ ಬಂದ ಮೇಲೆ ನನಗೆ ಕನ್ನಡದಲ್ಲಿ ಹೇಳಿದ್ದು ಇಷ್ಟೇ:

“ರೂಲು ನಂದು. ಬೈಸ್ಕೊಳ್ಳೋದು ನೀವ್ಯಾಕೆ?”

ಟೇಪು ಆರು ದಿನ ತಡವಾಗಿ ಹೋಯಿತು. ತಡವಾದದ್ದಕ್ಕೆ ಕೆನಡಾದವರು ತಕರಾರೇನೂ ಮಾಡಲಿಲ್ಲ. ಡೆನಿಸನ ಮೇಜಿನ ಮೇಲಿದ್ದ ನನ್ನ ಪತ್ರ ಮಾತ್ರ ಅಲ್ಲೇ ಧೂಳು ತಿಂದಿತು. ವರ್ಷ ಕಾದು, ಮೌಂಟನ್ ವ್ಯೂನ ಬೇರೆ ಕಂಪನಿಗೆ ಸೇರಿ, ಅರ್ಜಿಯನ್ನು ಮೊದಲಿನಿಂದ ಹಾಕಿದೆ. ಆ ವರ್ಷವನ್ನು ಯಾರೂ ನನಗೆ ವಾಪಸು ಕೊಡಲಿಲ್ಲ, ನಾನೂ ಕೇಳಲು ಹೋಗಲಿಲ್ಲ. ಒಂದು ವಿಷಯ ಮಾತ್ರ ಹೇಳಬೇಕು. ಅಂದಿನಿಂದ ಡೆನಿಸ್ ನನ್ನನ್ನು ‘ಸೂ’ ಎನ್ನಲಿಲ್ಲ. ಸಿಟ್ಟಿಗೋ ಮರ್ಯಾದೆಗೋ, ಪೂರ್ತಿ ಸುಶೀಲಾ ಎಂದೇ ಕರೆದ.

ಟೇಪು ಹೋಗುವ ಮೊದಲು ಹೊಸ ಪ್ರಿಂಟೌಟು ಮತ್ತೆ ನನ್ನ ಮೇಜಿಗೇ ಬಂದಾಗ ನಾನು ಮೊದಲು ಹುಡುಕಿದ್ದು ಮಾಯವಾಗಿದ್ದ ಆ ಊರನ್ನು. ಆ ಹನ್ನೊಂದು ವೋಟಿನ ಚುನಾವಣೆಯಲ್ಲಿ ಅದರ ಏಳಕ್ಕೆ ಏಳೂ ವೋಟು ಬಿದ್ದದ್ದು ಸೋತವನಿಗೆ. ಉಳಿದ ಐದು ಮತಗಟ್ಟೆಗಳು ಗೆದ್ದವನ ಕೈ ಹಿಡಿದಿದ್ದವು. ಈ ಊರು ಮಾತ್ರ ಪಟ್ಟು ಬಿಟ್ಟಿರಲಿಲ್ಲ. ಡೆನಿಸ್ ನನ್ನ ಹೆಗಲ ಮೇಲಿಂದ ಅದನ್ನು ನೋಡಿ, ಇಷ್ಟೆಲ್ಲ ರಂಪ ಮಾಡಿದ್ದು ಇವರಿಗಾಗಿಯೇ, ಇವರ ವೋಟಿನಿಂದ ಏನೂ ಆಗಲಿಲ್ಲವಲ್ಲ ಎಂದ.

ಮೂವತ್ತು ವರ್ಷ ಅಂಕಿಗಳ ಜೊತೆ ಬದುಕಿದವಳಾಗಿ ನಾನು ಕಲಿತ ಪಾಠ ಅಂದು ಅವನಿಗೆ ಕೊಟ್ಟ ಉತ್ತರದಲ್ಲೇ ಇದೆ. ಹತ್ತಕ್ಕಿಂತ ಕಡಿಮೆಯಾದರೆ ತಪ್ಪು ಎಂದು ಯಾವ ಯಂತ್ರಕ್ಕೂ ತಾನಾಗಿ ಗೊತ್ತಿರುವುದಿಲ್ಲ, ಯಾರೋ ಹೇಳಿಕೊಟ್ಟಿರುತ್ತಾರೆ. ಆ ಯಾರೋ ಯಾರೆಂದು ಕೇಳುವವರು ಒಬ್ಬರಾದರೂ ಕಚೇರಿಯಲ್ಲಿ ಇರಬೇಕು. ಇಷ್ಟನ್ನೂ ಅವನಿಗೆ ಹೇಳುವಷ್ಟು ತಾಳ್ಮೆ ಅಂದು ನನಗಿರಲಿಲ್ಲ. ಕೆಂಪು ಪೆನ್ಸಿಲಿನಿಂದ ಆ ಸಾಲಿನ ಪಕ್ಕ ಸರಿ ಎಂಬ ಗುರುತು ಹಾಕಿ ಹೇಳಿದೆ:

“ಅವರು ಸೋತರು, ಡೆನಿಸ್. ಸೋಲಬೇಕಾದರೂ ಮೊದಲು ಅವರನ್ನು ಎಣಿಸಬೇಕು.”